ಮುದುಕಪ್ಪನ ಮೀಸೆ ಮತ್ತು ಗಿರಿಯಮ್ಮ ಅಕ್ಕೋರ ಮನೆಪಾಠ

ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ನೀರು ತಂದ ವರ್ಷಗಳಲ್ಲಿಯೇ ನಮ್ಮ ಮಿಡ್ಲ್ ಸ್ಕೂಲುಗಳಿಗೆ ಭೌತವಿಜ್ಞಾನದ ಕನ್ನಡ ಪುಸ್ತಕಗಳೂ ಬಂದವು. ನೀರನ್ನು ಹೊಲಗಳಿಗೆ ತಿರುಗಿಸಲು ಸರಕಾರ ಇಂಜಿನಿಯರರನ್ನೂ ಓವರ್‌ಸಿಯರರನ್ನೂ ಜೀಪುಗಳನ್ನೂ ಕೊಟ್ಟಿತ್ತು. ವಿಜ್ಞಾನವನ್ನು ಮಕ್ಕಳ ತಲೆಗೆ ತಿರುಗಿಸುವುದಕ್ಕೆ ನಮ್ಮ ಪಾಲಿಗೆ ಒದಗಿದ್ದು ಒಂದು ಕರಿಹಲಗೆ, ಒಂದಿಷ್ಟು ಸುಣ್ಣದ ಕಡ್ಡಿ, ಮತ್ತು ನಮ್ಮ ಪುಣ್ಯದಿಂದ ಶ್ರೀಮತಿ ಗಿರಿಯಮ್ಮನವರು. ಪ್ರಯೋಗಾಲಯವೆಂಬುದು ಪುಸ್ತಕದಲ್ಲಿ ಮಾತ್ರ ಇದ್ದ ಆ ಕಾಲದಲ್ಲಿ ಊರಿನ ಅಡಿಗೆಮನೆ, ಹಿತ್ತಿಲು, ಅಂಗಡಿಗಳನ್ನೆಲ್ಲ ಪ್ರಯೋಗಾಲಯ ಮಾಡಿಕೊಂಡು ಕಲಿಸಿದ ಈ ಹಿರಿಯರು ಈ ವರ್ಷ ಸೇವೆಯಿಂದ ನಿವೃತ್ತರಾಗಿದ್ದಾರೆ. ಅವರ ಶಿಷ್ಯೆಯಾಗಿ ಬೆಳೆದು, ಈಗ ಮಸ್ಕಿಯಲ್ಲಿ ಅದೇ ವಿಷಯವನ್ನು ಕಲಿಸುತ್ತಿರುವ ನನಗೆ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಸಂತೋಷದ ಸಂಗತಿ.

ಗಿರಿಯಮ್ಮನವರು ಲಿಂಗಸುಗೂರಿನವರು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, ರಾಯಚೂರಿನಲ್ಲಿ ತರಬೇತಿ ಮುಗಿಸಿ, ರಾಜ್ಯ ಒಂದಾದ ಮರುವರ್ಷ ಗೊರೇಬಾಳದ ಆಚೆ ಉಪಕಾಲುವೆಯ ದಂಡೆಯಲ್ಲಿರುವ ನಮ್ಮ ಹಳ್ಳಿಯ ಶಾಲೆಗೆ ಬಂದರು. ಊರಿಗೆ ಊರೇ ಅವರನ್ನು ಅಕ್ಕೋರು ಎಂದಿತು. ಉರ್ದುವಿನಲ್ಲಿ ಕಲಿತ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಬೇಕಾಗಿ ಬಂದಾಗ ಅವರು ಎದೆಗುಂದಲಿಲ್ಲ. ಪುಸ್ತಕದ ದೊಡ್ಡ ದೊಡ್ಡ ಪದಗಳನ್ನು ನಮ್ಮೊಡನೆಯೇ ಕೂತು, ನಮ್ಮೊಡನೆಯೇ ತೊದಲಿ ಕಲಿತರು. ಅವರು ತರಗತಿಗೆ ಹೇಳಿದ ಒಂದು ಮಾತು ನನಗೆ ಇಂದಿಗೂ ಬಾಯಿಪಾಠವಿದೆ: "ಲೇ, ಅರ್ಥ ಆಗಾಕ ಹವಾದ ದಬಾವು ಅನ್ರಿ. ಮಾರ್ಕ್ಸ್ ಬೀಳಾಕ ವಾಯುಮಂಡಲದ ಒತ್ತಡ ಅಂತ ಬರೀರಿ."

ಅವರು ಕೊಡುತ್ತಿದ್ದ ಮನೆಪಾಠ ಬರೆಯುವಂಥದ್ದಾಗಿರಲಿಲ್ಲ, ಮಾಡುವಂಥದ್ದು. ನೀರಿನಲ್ಲಿ ಮುಳುಗಿದ ವಸ್ತು ಹಗುರಾಗುತ್ತದೆಯೇ ನೋಡಿಕೊಂಡು ಬನ್ನಿ ಎಂದ ದಿನ ನಾನು ದರ್ಜಿಯಾದ ನಮ್ಮ ಅಬ್ಬಾ ಬುಡ್ಡೇಸಾಬರ ಇಸ್ತ್ರಿಪೆಟ್ಟಿಗೆಯನ್ನು ಹಗ್ಗಕ್ಕೆ ಕಟ್ಟಿ ನೀರಿನ ಹಂಡೆಯಲ್ಲಿ ಇಳಿಬಿಟ್ಟೆ. ಕೆಲವು ದಿನಗಳ ಬಳಿಕ ಅಬ್ಬಾ ಆ ಪೆಟ್ಟಿಗೆಯನ್ನು ಹಿಡಿದುಕೊಂಡೇ ಶಾಲೆಗೆ ಬಂದರು.

"ಅಕ್ಕೋರ, ಇದು ನೀರಾಗ ಹಗೂರ ಆಗ್ತೈತಿ ಅಂತ ನನಗೂ ಗೊತ್ತಾತ್ರಿ. ಆದ್ರ ಈಗ ತುಕ್ಕು ಹಿಡದೈತ್ರಿ."

"ತುಕ್ಕು ಮುಂದಿನ ಪಾಠ ಐತಿ, ಬುಡ್ಡೇಸಾಬ್. ಇಲ್ಲೇ ಬಿಟ್ಟು ಹೋಗ್ರಿ," ಎಂದರು ಅಕ್ಕೋರು.

ಪೆಟ್ಟಿಗೆಯನ್ನು ತೋರಿಸಿ ಆ ಪಾಠವನ್ನು ಮುಗಿಸಿದ ಮೇಲೆ, ತಾವೇ ಮರಳು ಹಾಕಿ ತಿಕ್ಕಿ, ಎಣ್ಣೆ ಸವರಿ, ಹೊಳೆಯುವಂತೆ ಮಾಡಿ ಮನೆಗೆ ತಂದುಕೊಟ್ಟರು. ಅಂದಿನಿಂದ ಅಬ್ಬಾನಿಗೆ ಅವರ ಮೇಲೆ ಗೌರವ ಬೆಳೆಯಿತು. ಹೆಣ್ಣುಮಗಳಿಗೆ ಓದು ಸಾಕೆನ್ನುತ್ತಿದ್ದವರು, "ಏಳನೇದು ಪಾಸಾದ್ರ ಸಿಂಧನೂರು ಹೈಸ್ಕೂಲಿಗೆ ಕಳಸ್ತೀನಿ. ಇಲ್ಲಂದ್ರ ಹೊಲಿಗಿ ಮಿಷಿನ್ ಮುಂದ ಕೂಡ್ರು, ಜಮೀಲಾ," ಎನ್ನುವಷ್ಟಕ್ಕೆ ಇಳಿದರು. ನನ್ನ ಗೆಳತಿ ಕರೆಮ್ಮನ ಮನೆಯಲ್ಲಿಯೂ ಇದೇ ಷರತ್ತು ಇತ್ತು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ನಮಗಿಬ್ಬರಿಗೂ ಒಂದೇ ಬಾಗಿಲಾಗಿತ್ತು.

ಆ ವರ್ಷದ ಚಳಿಗಾಲದಲ್ಲಿ ಸೈಫನ್ ಪಾಠ ಬಂತು. ಎತ್ತರದ ಪಾತ್ರೆಯಲ್ಲಿರುವ ನೀರು ಒಂದು ನಳಿಗೆಯ ಮೂಲಕ ಅಂಚನ್ನು ಏರಿ, ಕೆಳಗಿನ ಪಾತ್ರೆಗೆ ತಾನಾಗಿ ಇಳಿಯುವ ಉಪಾಯ ಅದು. ಅಕ್ಕೋರು ಸೈಕಲ್ಲಿನ ಸಪೂರ ರಬ್ಬರ್ ವಾಲ್‌ಟ್ಯೂಬನ್ನು ತುಂಡು ತುಂಡು ಮಾಡಿ ಎಲ್ಲರಿಗೂ ಹಂಚಿ, "ಮನ್ಯಾಗ ಮಾಡಿ ನೋಡ್ಕೊಂಡು ಬರ್ರಿ," ಎಂದರು. ಕರೆಮ್ಮ ಮನೆಗೆ ಹೋಗಿ, ನೆಲುವಿನ ಮೇಲಿದ್ದ ಮಜ್ಜಿಗೆಯ ಗಡಿಗೆಗೆ ಟ್ಯೂಬು ಇಳಿಸಿ, ಒಮ್ಮೆ ಬಾಯಿಂದ ಎಳೆದು ಬಿಟ್ಟಳು. ಮಜ್ಜಿಗೆ ಇಳಿಯತೊಡಗಿತು. ನಿಲ್ಲಿಸುವುದು ಹೇಗೆಂಬ ಪಾಠ ಮರುದಿನಕ್ಕಿತ್ತು.

ಮಗಳನ್ನು ಬೈಯಲು ಓಡಿಬಂದ ಅವಳ ಅಪ್ಪ ಮುದುಕಪ್ಪ ಬೈಗುಳವನ್ನು ಅರ್ಧಕ್ಕೆ ಬಿಟ್ಟು, ನೆಲದ ಮೇಲೆ ಹರಿಯುತ್ತಿದ್ದ ಮಜ್ಜಿಗೆಯನ್ನೂ ಗಡಿಗೆಯ ಅಂಚನ್ನೂ ನೋಡುತ್ತ ನಿಂತ. ಮುದುಕಪ್ಪನ ಹೊಲ ಕಾಲುವೆಯ ಒಡ್ಡಿನ ಕೆಳಗೇ ಇತ್ತು. ಎರಡನೆಯ ಬೆಳೆಗೆಂದು ಹಾಕಿದ ಭತ್ತದ ಸಸಿಮಡಿ ಬಾಡುತ್ತಿತ್ತು. ಅವನ ನೀರಿನ ಪಾಳಿ ಇನ್ನೂ ಬಂದಿರಲಿಲ್ಲವಾದ್ದರಿಂದ ತೂಬಿಗೆ ಬೀಗ ಬಿದ್ದಿತ್ತು.

ಎರಡು ದಿನ ಕಳೆದು ಕರೆಮ್ಮ ತರಗತಿಯಲ್ಲಿ ಎದ್ದು ನಿಂತು, "ಅಕ್ಕೋರ, ನಮ್ಮಪ್ಪ ಮನಿಪಾಠ ಮಾಡಾಕತ್ತ್ಯಾನ್ರಿ. ನೋಡಾಕ ಬರ್ಬೇಕಂತ್ರಿ," ಎಂದಳು. ಅಕ್ಕೋರ ಹಿಂದೆ ಇಡೀ ತರಗತಿ ಸಾಲಾಗಿ ಕಾಲುವೆಗೆ ಹೋಯಿತು. ಮುದುಕಪ್ಪ ಸಿಂಧನೂರಿನ ಲಾರಿ ಷೆಡ್ಡಿನಿಂದ ತಂದ ಹೆಬ್ಬೆರಳು ಗಾತ್ರದ ರಬ್ಬರ್ ಪೈಪಿನ ಒಂದು ತುದಿಯನ್ನು ಕಾಲುವೆಗೆ ಬಿಟ್ಟು, ಒಡ್ಡಿನ ಈಚೆಗೆ ತಗ್ಗಿನಲ್ಲಿ ಕುಳಿತು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆಯುತ್ತಿದ್ದ. ಅವನ ಮೀಸೆ ಊರಿಗೇ ದೊಡ್ಡದು; ಪೈಪಿನ ಎರಡೂ ಕಡೆ ಅದು ರೆಕ್ಕೆಯಂತೆ ಹರಡಿಕೊಂಡಿತ್ತು. ನೀರು ಬಂತು. ಮುದುಕಪ್ಪ ಕೆಮ್ಮಿದ, ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕೋರು ಸಂತೋಷದಿಂದ ಒಡ್ಡಿನ ಮೇಲೆ ನಿಂತು, ಕೈಯಲ್ಲಿ ಒಂದು ಜಾಲಿಕಡ್ಡಿ ಹಿಡಿದು, ಹವಾದ ದಬಾವು ಎಲ್ಲಿಂದ ಎಲ್ಲಿಗೆ ಎಂದು ವಿವರಿಸತೊಡಗಿದರು.

ಅದೇ ಹೊತ್ತಿಗೆ ಕಾಲುವೆಯ ಮೇಲ್ವಿಚಾರಕ ಮಲೀಕಸಾಬರ ಜೀಪು ಬಂತು. ಅವರು ಇಳಿದು ಬಾಯಿ ತೆರೆಯುವ ಮೊದಲೇ ಅಕ್ಕೋರು, "ಸಾಹೇಬ್ರ, ಒಂದ್ ಸ್ವಲ್ಪ ಕೂಡ್ರಿ, ಪಾಠ ನಡದೈತಿ," ಎಂದರು. ಮಲೀಕಸಾಬರು ನಿಜವಾಗಿಯೂ ಕುಳಿತರು. ಪಾಠ ಮುಗಿದ ಮೇಲೆ ಎದ್ದು, ಮುದುಕಪ್ಪನ ಮುಂದೆ ನಿಂತರು.

"ಏನಿದು? ಕಾಲುವಿ ನೀರು ಕಳವು ಮಾಡಾಕತ್ತೀಯೇನು?"

"ಇಲ್ರೀ ಸಾಹೇಬ್ರ. ಇದು ನನ್ನ ಮಗಳ ಮನಿಪಾಠ ಐತ್ರಿ."

ಪೈಪು ಜೀಪಿನಲ್ಲಿ ಹೋಯಿತು. ದೂರು ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಹೋಯಿತು. ಅಕ್ಕೋರಿಗೆ ಎಚ್ಚರಿಕೆಯ ಕಾಗದ ಬಂತು: ಇನ್ನೊಂದು ದೂರು ಬಂದಲ್ಲಿ ವರ್ಗಾವಣೆ. ಸ್ವಭಾವತಃ ಸಾಧುಗಳೂ ಕಾಗದಪತ್ರಗಳಿಗೆ ಬಹಳ ಅಂಜುವವರೂ ಆದ ನಮ್ಮ ಮುಖ್ಯೋಪಾಧ್ಯಾಯ ವೆಂಕೋಬರಾಯರು ಕೈಮುಗಿದು ಬೇಡಿಕೊಂಡರು: "ಅಕ್ಕೋರ, ಪರೀಕ್ಷಾ ಮುಗಿಯೋತನಕ ಪುಸ್ತಕ ಬಿಟ್ಟು ಕದಲಬ್ಯಾಡ್ರಿ. ಪ್ರಯೋಗ ಗಿಯೋಗ ಏನೂ ಬ್ಯಾಡ."

ಅಕ್ಕೋರು ಮಾತು ಕೊಟ್ಟರು, ಮಾತಿನಂತೆಯೇ ನಡೆದರು. ಬೆಳಿಗ್ಗೆ ಶಾಲೆಗೆ ಮೊದಲು, ಸಂಜೆ ಶಾಲೆ ಬಿಟ್ಟ ಮೇಲೆ ಪ್ರಶ್ನೆ ಕೇಳಿ ಉತ್ತರ ಹೇಳಿಸಿದರು. ಹಸಿದು ಬಂದವರಿಗೆ ತಮ್ಮ ಬುತ್ತಿಯ ರೊಟ್ಟಿ ಹಂಚಿದರು. ತಪ್ಪು ಹೇಳಿದವರಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಇಲ್ಲದ ಬರಿ ರೊಟ್ಟಿ ಎಂಬುದೊಂದೇ ಅವರ ಶಿಕ್ಷೆ. ಸೈಫನ್ನಿನ ಪುನರಾವರ್ತನೆ ಬಂದ ದಿನ ಮಾತ್ರ ತೊಂದರೆಯಾಯಿತು. ಪುಸ್ತಕದ ಚಿತ್ರದಲ್ಲಿ ಎರಡು ಗಾಜಿನ ಪಾತ್ರೆ, ಒಂದು ಬಾಗಿದ ನಳಿಗೆ, ಅಷ್ಟೇ ಇದ್ದವು. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಅಕ್ಕೋರ, ಇದರಾಗ ಮುದುಕಪ್ಪ ಎಲ್ಲಿ ಅದಾನ್ರಿ?"

ಅಕ್ಕೋರು, "ನೀವು ಕಣ್ಣಿಲೆ ಕಂಡದ್ದನ್ನ ಬರೀರಿ. ಬಾಣದ ಗುರ್ತು ಮಾತ್ರ ಸರಿಯಾಗಿ ಹಾಕ್ರಿ," ಎಂದರು.

ಸಿಂಧನೂರಿನ ಪರೀಕ್ಷಾ ಕೇಂದ್ರದಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿದರೆ, ಸೈಫನ್ನಿನ ಚಿತ್ರ ಬರೆದು ವಿವರಿಸಿ ಎಂಬ ಪ್ರಶ್ನೆ ಇತ್ತು. ನಾವೆಲ್ಲ ಹಿಗ್ಗಿನಿಂದ ಬರೆದೆವು.

ಬೇಸಿಗೆ ಮುಗಿಯುತ್ತ ಬಂದರೂ ನಮ್ಮ ಶಾಲೆಯ ಫಲಿತಾಂಶ ಮಾತ್ರ ಬರಲಿಲ್ಲ. ಸಾಮೂಹಿಕ ನಕಲು ನಡೆದಿದೆಯೆಂದು ಉತ್ತರಪತ್ರಿಕೆಗಳನ್ನು ತಡೆಹಿಡಿಯಲಾಗಿದೆ, ಸಂಬಂಧಪಟ್ಟ ಶಿಕ್ಷಕಿ ವಿಚಾರಣೆಗೆ ಲಿಂಗಸುಗೂರಿಗೆ ಬರತಕ್ಕದ್ದು ಎಂಬ ಆದೇಶ ಬಂತು. ಹೈಸ್ಕೂಲಿಗೆ ಹೆಸರು ಹಚ್ಚುವ ಕೊನೆಯ ದಿನ ಹತ್ತಿರ ಬಂದಿತ್ತು. ಅಬ್ಬಾ ಹಳೆಯ ಮಿಷಿನ್ನಿಗೆ ಎಣ್ಣೆ ಬಿಡತೊಡಗಿದರು. ಆ ಎಣ್ಣೆಯ ವಾಸನೆಗೆ ನನಗೆ ಊಟ ಸೇರದಾಯಿತು.

ಅಕ್ಕೋರು ನನ್ನನ್ನೂ ಕರೆಮ್ಮನನ್ನೂ, ಮುದುಕಪ್ಪನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಕಚೇರಿಯಲ್ಲಿ ತನಗೇನೋ ಸನ್ಮಾನವಿದೆಯೆಂದು ಭಾವಿಸಿದ ಮುದುಕಪ್ಪ ಜರಿಯ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಅಕ್ಕೋರು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ, ನಮ್ಮಿಬ್ಬರನ್ನು ಕರೆದುಕೊಂಡು ಒಳಗೆ ಹೋದರು.

ಶಿಕ್ಷಣಾಧಿಕಾರಿಗಳು ಉತ್ತರಪತ್ರಿಕೆಗಳನ್ನು ಮೇಜಿನ ತುಂಬ ಹರಡಿದರು. ಎಲ್ಲದರಲ್ಲಿಯೂ ಒಂದು ಒಡ್ಡು, ಒಂದು ಪೈಪು, ಪೈಪನ್ನು ಕಚ್ಚಿ ಕುಳಿತ ಒಬ್ಬ ಮೀಸೆಯ ಮನುಷ್ಯ, ಬಲಗಡೆಯಿಂದ ಬರುತ್ತಿರುವ ಒಂದು ಜೀಪು.

"ನೋಡ್ರೀ ಅಕ್ಕೋರ. ಒಬ್ಬರದು ನೋಡಿ ಒಬ್ಬರು ಬರೀದೆ ಅದೇ ಮೀಸಿ ಎಲ್ಲಾರಿಗೂ ಹೆಂಗ ಬಂತು?"

"ನೋಡೇ ಬರದಾರ್ರಿ ಸಾಹೇಬ್ರ, ಸುಳ್ಳು ಹೇಳಂಗಿಲ್ಲ," ಎಂದರು ಅಕ್ಕೋರು. "ನೋಡಿದ್ದು ಇವನ್ನ." ಬಾಗಿಲು ತೆರೆದು ಕರೆದರು: "ಮುದುಕಪ್ಪ, ಒಳಗ ಬಾ."

ಮುದುಕಪ್ಪ ಬಂದು ನಮಸ್ಕರಿಸಿ, ಮೇಜಿನ ಮೇಲೆ ಬಗ್ಗಿ ಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಅಧಿಕಾರಿಗಳು ಒಮ್ಮೆ ಅವನನ್ನು, ಒಮ್ಮೆ ಕಾಗದವನ್ನು ನೋಡಿದರು. ಮುದುಕಪ್ಪನ ಮುಖ ಬಾಡುತ್ತ ಬಂತು.

"ಸಾಹೇಬ್ರ, ಇದಕ್ಕ ಮಾರ್ಕ್ಸ್ ಕೊಡಬ್ಯಾಡ್ರಿ. ನನ್ನ ಹೊಟ್ಟಿ ಎಷ್ಟ್ ದೊಡ್ಡದು ಮಾಡ್ಯಾರ ನೋಡ್ರಿ."

ಅಧಿಕಾರಿಗಳು ಕೆಮ್ಮಿ ನಗು ನುಂಗಿಕೊಂಡರು. ಆದರೂ ಬಿಡಲಿಲ್ಲ. ಚಿತ್ರ ಕಂಡು ಬರೆದದ್ದಿರಬಹುದು, ತಿಳಿದು ಬರೆದದ್ದು ಹೌದೇ ಎಂದು ನನ್ನತ್ತ ತಿರುಗಿ ಕೇಳಿದರು: "ಹೊಲ ಕಾಲುವಿಗಿಂತ ಎತ್ತರ ಇದ್ರ ಏನಾಗ್ತೈತಿ ಹೇಳವ್ವಾ?"

ಅಕ್ಕೋರ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಪುಸ್ತಕದ ಸಾಲು ಯಾವುದೂ ನೆನಪಾಗಲಿಲ್ಲ, ಒಡ್ಡು ಮಾತ್ರ ಕಣ್ಣಿಗೆ ಕಟ್ಟಿತು.

"ಆಗ ನೀರು ಮುದುಕಪ್ಪ ಕಾಕಾನ ಬಾಯಿತನಕ ಬರ್ತೈತ್ರಿ. ಬಾಯಿ ಬಿಟ್ಟ ಕೂಡ್ಲೆ ತಿರುಗಿ ಕಾಲುವಿಗೆ ಹೋಗ್ತೈತ್ರಿ. ಹೊಲಕ್ಕ ಬರಂಗಿಲ್ರಿ."

ಅಧಿಕಾರಿಗಳು ನಕ್ಕೇಬಿಟ್ಟರು. ಆ ಮಧ್ಯಾಹ್ನವೇ ತಡೆಯನ್ನು ತೆಗೆದರು, ನಾವೆಲ್ಲ ಪಾಸಾಗಿದ್ದೆವು. ಅಕ್ಕೋರು ಚಹಾ ಸಹ ಕುಡಿಯದೆ ನಮ್ಮಿಬ್ಬರ ಕೈಹಿಡಿದು ಸಿಂಧನೂರಿನ ಬಸ್ಸು ಹತ್ತಿಸಿ, ಹೈಸ್ಕೂಲಿನ ಬಾಗಿಲು ಹಾಕುವ ಮೊದಲು ಹೆಸರು ಹಚ್ಚಿಸಿಯೇ ಊರಿಗೆ ಮರಳಿದರು. ದಾರಿಯುದ್ದಕ್ಕೂ ಸನ್ಮಾನ ಯಾವಾಗ ಎಂದು ಕೇಳುತ್ತಿದ್ದ ಮುದುಕಪ್ಪನಿಗೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೂವಿನ ಹಾರ ಹಾಕಿಸಲು ಅವರು ಮರೆಯಲಿಲ್ಲ.

ಆಮೇಲೆ ಜವಳಗೇರಾ, ಬಳಗಾನೂರು, ಕೊನೆಗೆ ಮಸ್ಕಿ ಎಂದು ಅವರು ಕಲಿಸಿದ ಊರುಗಳು ಬದಲಾದವು. ಮಲೀಕಸಾಬರು ಅಕ್ಕೋರನ್ನು ಹುಡುಕಿಕೊಂಡು ಬಂದು ತಮ್ಮ ಮಗಳು ಗುಲ್ಷನ್‌ಬೀಯನ್ನು ಅವರ ತರಗತಿಗೇ ಸೇರಿಸಿದರು. ಆಗ ಹೇಳಿದ್ದು ಇಷ್ಟೇ: "ಮನಿಪಾಠ ಎಷ್ಟರ ಕೊಡ್ರಿ ಅಕ್ಕೋರ. ನನ್ನ ಕಾಲುವಿ ತನಕ ತರಬ್ಯಾಡ್ರಿ." ಕರೆಮ್ಮ ಇಂದು ಸಿಂಧನೂರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ.

ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣಗಳೆಲ್ಲ ಮುಗಿದ ಮೇಲೆ ಏಳನೆಯ ತರಗತಿಯ ಮಕ್ಕಳು ರೂಢಿಯಂತೆ ಮನೆಪಾಠ ಕೇಳಿದರು. ಅಕ್ಕೋರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನಾಳೆ ನಾ ಇರಂಗಿಲ್ಲ, ನೋಡೋರು ಯಾರು? ಇವತ್ತು ನೀವ ನನಗ ಕೊಡ್ರಿ," ಎಂದರು. ಮಕ್ಕಳು ತಲೆ ಸೇರಿಸಿ ಚರ್ಚಿಸಿ ಒಂದು ಪ್ರಶ್ನೆ ಕೊಟ್ಟರು: ಹಾಲು ಉಕ್ಕುತ್ತದೆ, ಬರಿ ನೀರು ಯಾಕೆ ಹಾಗೆ ಉಕ್ಕಿ ಚೆಲ್ಲುವುದಿಲ್ಲ?

ಪುಸ್ತಕ ನೋಡಿ ಉತ್ತರ ಹೇಳಬಹುದಾಗಿತ್ತು. ಅವರು ಹಾಗೆ ಮಾಡುವವರಲ್ಲವೆಂಬುದು ಇಷ್ಟು ಓದಿದವರಿಗೆ ತಿಳಿದಿರುತ್ತದೆ. ತಮ್ಮ ಮನೆಯ ಹಾಲನ್ನೆಲ್ಲ ಒಲೆಗೆ ಕುಡಿಸಿ, ಕೆನೆ ತೆಗೆದದ್ದು, ನೀರು ಬೆರೆಸಿದ್ದು, ಮೇಕೆಯದು ಎಂದು ಪರೀಕ್ಷೆ ಮುಂದುವರಿಸಿದ್ದಾರೆ. ಅವರ ನಾದಿನಿ ಅಡಿಗೆಮನೆಗೆ ಬೀಗ ಹಾಕಿದ ಮೇಲೆ ಅಕ್ಕೋರು ಈಗ ಭಾನುವಾರಗಳಂದು ನಮ್ಮ ಮನೆಗೆ ಬರುತ್ತಾರೆ. ಪೂಜ್ಯ ಗಿರಿಯಮ್ಮ ಅಕ್ಕೋರಿಗೆ ತುಂಬು ಆಯುಷ್ಯವೂ ಗಟ್ಟಿಯಾದ ಆರೋಗ್ಯವೂ ಇರಲಿ, ಕೈಗೆತ್ತಿಕೊಂಡ ಈ ಕೆಲಸ ಬಹುಕಾಲ ಸಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ನಮ್ಮ ಮನೆಯಲ್ಲಿ ಚಹಾಕ್ಕೆ ಬೇಕಾಗುವಷ್ಟು ಹಾಲು ಮಾತ್ರ ಪ್ರತಿ ವಾರ ಬೇರೆ ತೆಗೆದಿಟ್ಟಿರುತ್ತೇವೆ; ಉಳಿದದ್ದೆಲ್ಲ ಅವರದೇ.