ಅಪ್ಪನ ದವಡೆ

ನನ್ನ ಕೆಳದವಡೆ ಎಡಕ್ಕೆ ವಾಲಿತ್ತು. ಅಪ್ಪನದೂ ಹಾಗೆಯೇ ಇತ್ತಂತೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವನು ಪ್ಲೇಗಿನಲ್ಲಿ ತೀರಿಕೊಂಡ. ಹಲಗೂರಿನ ನಮ್ಮ ಮನೆಯಲ್ಲಿ ಅವನದೊಂದು ಫೋಟೊ ಕೂಡ ಇರಲಿಲ್ಲ. ಹಾಗಾಗಿ ನಾನು ಬೆಳಗ್ಗೆ ಮುಖ ತೊಳೆದು ಬಂದೊಡನೆ ಅವನ ತಾಯಿ, ನನ್ನ ಅಜ್ಜಿ, ನನ್ನ ಗದ್ದ ಹಿಡಿದು ನೋಡುತ್ತಿದ್ದಳು. "ನನ್ ಮಗ ಎದ್ ಬಂದ ಕಣಮ್ಮಿ," ಎಂದು ಅವ್ವನಿಗೆ ಕೂಗಿ ಹೇಳಿದ ಮೇಲೇ ಅವಳ ದಿನ ಶುರು.

ಮನೆಯಲ್ಲಿ ಮೂರು ಹೊತ್ತೂ ಮುದ್ದೆ. ಮುದ್ದೆಯನ್ನು ನುಂಗುವುದಷ್ಟೇ, ನನಗೆ ಅಗಿಯಲು ಬಾರದೆಂಬುದು ಯಾರಿಗೂ ತಿಳಿಯಲಿಲ್ಲ. ಹೈಸ್ಕೂಲಿಗೆಂದು ಮಳವಳ್ಳಿಯ ಹಾಸ್ಟೆಲ್ಲಿಗೆ ಸೇರಿದೆ. ಅಲ್ಲಿ ಗಂಟೆ ಹೊಡೆದರೆ ಕೂರಬೇಕು, ಮತ್ತೆ ಹೊಡೆದರೆ ಎಲೆ ಬಿಟ್ಟು ಏಳಬೇಕು. ನನಗೆ ಆ ಶಿಸ್ತು ಹಿಡಿಸಿತ್ತು. ಆದರೆ ಯುದ್ಧಕಾಲದ ರೇಷನ್ನಿನಲ್ಲಿ ಗೋಧಿ ಬಂದು ಚಪಾತಿ ಶುರುವಾದಾಗ ನಾನು ಅರ್ಧ ಹೊಟ್ಟೆಯಲ್ಲೇ ಏಳುವಂತಾಯಿತು.

"ಮುದಿ ಎತ್ತು ಮೆಲುಕಾಕ್ದಂಗೆ ಅಗೀತೀಯಲ್ಲೋ, ಏಳ್ಲಾ ಮ್ಯಾಕೆ," ಎಂದು ಪಕ್ಕದವನು ಹಂಗಿಸುತ್ತಿದ್ದ.

ಮೀಸೆ ಮೂಡುವ ಹೊತ್ತಿಗೆ ದವಡೆ ಇನ್ನಷ್ಟು ವಾಲಿತು. ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕಿವಿಯ ಬುಡದಲ್ಲಿ ಸದಾ ನೋವು. ಮೈಸೂರಿನಲ್ಲಿ ಒಬ್ಬ ಡಾಕ್ಟರು ಯುದ್ಧಕ್ಕೆ ಹೋಗಿ ಸಿಪಾಯಿಗಳ ದವಡೆ ಜೋಡಿಸಿ ಬಂದಿದ್ದರು. ನನ್ನನ್ನು ನೋಡಿ, ಮೂಳೆ ಕತ್ತರಿಸಿ ನೇರ ಮಾಡಬಹುದು, ಬಿಟ್ಟರೆ ಇನ್ನೂ ಕೆಡುತ್ತದೆ ಎಂದರು.

ಅಜ್ಜಿ ಒಪ್ಪಲಿಲ್ಲ. "ಸೊಟ್ಟಗಿದ್ರೇನ್ಲಾ? ನಿಮ್ಮಪ್ಪನೂ ಇಂಗೇ ಉಂಡು ಉತ್ತು ಮದ್ವೆಯಾಗ್ಲಿಲ್ವಾ? ಕುಯ್ಸ್ಕಬ್ಯಾಡ ಕಣ್ಲಾ."

"ಉಣ್ಣಾಕಾಗ್ದೆ ಒಣಗೋಯ್ತಾವ್ನೆ, ಅತ್ತೆ. ಬುಡಿ, ಓಗ್ಲಿ," ಎಂದಳು ಅವ್ವ.

"ನೀನು ಅವನ್ ಮಖ ಮರ್ತಿದ್ದೀಯ ಕಣಮ್ಮಿ. ನಾನ್ ಮರ್ತಿಲ್ಲ."

ಅವ್ವ ಒಳಗೆ ಹೋಗಿ ನನ್ನ ಬಟ್ಟೆ ಗಂಟು ಕಟ್ಟಿದಳು. ಮರುದಿನ ಇಬ್ಬರೂ ಮೈಸೂರಿಗೆ, ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹತ್ತಿದೆವು.

ಆಪರೇಷನ್ ಆದ ಮೇಲೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಮೂಳೆ ಕೂಡುವ ತನಕ ಬಾಯಿ ಬಿಡುವಂತಿರಲಿಲ್ಲ. ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಅವ್ವ ಗಂಜಿನೀರು ತುಂಬಿ, ಹಲ್ಲಿನ ಸಂದಿಗೆ ಹನಿಹನಿಯಾಗಿ ಬಿಡುತ್ತಿದ್ದಳು.

ತಂತಿ ಬಿಚ್ಚಿಸಿಕೊಂಡು ಊರಿಗೆ ಬಂದಾಗ ನನ್ನ ಮುಖ ನೆಟ್ಟಗಿತ್ತು. ನೋಡಲು ಬೀದಿಯವರೆಲ್ಲ ಸೇರಿದರು. ಅಜ್ಜಿ ಜಗಲಿಯಿಂದ ಇಳಿಯಲಿಲ್ಲ.

"ಯಾರ್ ಮನೆ ಉಡ್ಗ ಕಣಮ್ಮಿ ಇವ್ನು?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅಂದಿನಿಂದ ನನ್ನ ಗದ್ದ ಮುಟ್ಟುವುದನ್ನು ಬಿಟ್ಟಳು. ಉಣ್ಣಲು ಬಡಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮುಖ ಮಾತ್ರ ನೋಡುತ್ತಿರಲಿಲ್ಲ. ನನಗೆ ಚಪಾತಿ ಅಗಿಯಲು ಬಂತು, ನೋವು ಹೋಯಿತು. ಅವಳೆದುರು ಅದನ್ನು ಹೇಳಿಕೊಳ್ಳಲು ಆಗಲಿಲ್ಲ.

ಮುಂದಿನ ಮಾಗಿಯಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹತ್ತಿರ ಕರೆದು, ನನ್ನ ಗದ್ದದ ಮೇಲೆ ಬೆರಳಿಟ್ಟು ಎಡಕ್ಕೆ ಮೆಲ್ಲನೆ ಒತ್ತಿದಳು.

"ಒಂದ್ಕಿತ ಅಂಗ್ ಮಾಡ್ಲಾ, ಮಗ. ನೋಡ್ಕತೀನಿ."

ನಾನು ದವಡೆಯನ್ನು ಎಡಕ್ಕೆ ತಳ್ಳಿದೆ. ಅಂಗೈ ಕೊಟ್ಟು ನೂಕಿದೆ. ಕೂಡಿಕೊಂಡ ಮೂಳೆ ಜರುಗಲಿಲ್ಲ.

"ನೋಯ್ತದೆ, ಬುಡು," ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.