ಕ್ಯಾಲೆಂಡರಿನ ಹಿಂದೆ ಬರೆದ ಸಂಬಂಧಗಳು

ಮೊನ್ನೆ ಡಬ್ಬಿಯ ಮುಚ್ಚಳ ತೆಗೆದೆ. ಹುರಿದ ಗುರೆಳ್ಳು ಚಟ್ನಿಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮಹಡಿ ಮನೆಯ ಟೀಚರ್ ಕಣ್ಣ ಮುಂದೆ ಬಂದರು.

ತೊಂಬತ್ತರ ದಶಕ. ಸುದ್ದಗುಂಟೆಪಾಳ್ಯದ ನಮ್ಮ ರಾಗಿ ಹೊಲ ಸೈಟಾಗಿ, ಸೈಟು ಮನೆಯಾಗಿ, ಅಮ್ಮ ಓನರ್ ಆಂಟಿಯಾಗಿದ್ದ ಕಾಲ. ಧಾರವಾಡದ ಕಡೆಯಿಂದ ಈ ಲೆಕ್ಕದ ಟೀಚರೂ, ಬಟ್ಟೆ ಹೊಲಿಯುವ ಒಬ್ಬ ಅಕ್ಕನೂ ಬಾಡಿಗೆಗೆ ಬಂದರು. ಅಕ್ಕ-ತಂಗಿ ಅಂದರು. ಇಬ್ಬರ ಅಪ್ಪಂದಿರ ಹೆಸರು ಬೇರೆ ಬೇರೆ ಎಂದು ರೇಷನ್ ಕಾರ್ಡಿನವರು ತಕರಾರು ತೆಗೆದಾಗ ಅತ್ತಿಗೆ-ನಾದಿನಿಯಾದರು. ಗ್ಯಾಸಿನವರಿಗೆ ಚಿಕ್ಕಮ್ಮ-ಮಗಳು! ನಿಜವೆಂದರೆ ಅವರದು ಸಂಸಾರ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಜಗಳ, ಸಂಜೆ ಒಂದು ಮೊಳ ಮಲ್ಲಿಗೆ ತಂದು ರಾಜಿ. ಅಮ್ಮನಿಗೆ ಆರು ತಿಂಗಳಲ್ಲೇ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ ಅಷ್ಟೆ.

ಯಾವ ಆಫೀಸಿನಲ್ಲಿ ಯಾವ ಸಂಬಂಧ ಹೇಳಿದ್ದೇವೆ ಎಂಬುದನ್ನು ಟೀಚರ್ ಗೋಡೆ ಕ್ಯಾಲೆಂಡರಿನ ಹಿಂದೆ ದುಂಡಗೆ ಬರೆದಿಟ್ಟಿದ್ದರು. ಅದನ್ನು ನೋಡದೆ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕನ ಅಪೆಂಡಿಕ್ಸ್ ಕೈಕೊಟ್ಟಿತು. ಜಯನಗರದ ನರ್ಸಿಂಗ್ ಹೋಮಿಗೆ ಎಲ್ಲರೂ ಆಟೋದಲ್ಲಿ ಓಡಿದೆವು. ಆ ಗಾಬರಿಯಲ್ಲಿ ಕ್ಯಾಲೆಂಡರ್ ಯಾರಿಗೆ ನೆನಪಿರುತ್ತದೆ? ಸೇರಿಸುವಾಗ ‘ತಂಗಿ’ ಎಂದಿದ್ದ ಟೀಚರ್, ಆಪರೇಷನ್ನಿಗೆ ಸೈನ್ ಕೇಳಿದಾಗ ‘ನಾದಿನಿ’ ಎಂದುಬಿಟ್ಟರು.

“ಮೇಡಂ, ಆಗ್ಲೇ ತಂಗಿ ಅಂದ್ರಿ. ನೀವು ಯಾರು ಅಂತ ಮೊದ್ಲು ಡಿಸೈಡ್ ಮಾಡ್ಕೊಳ್ಳಿ. ಸ್ವಂತದವರೇ ಸೈನ್ ಹಾಕ್ಬೇಕು” ಅಂದ ಕೌಂಟರಿನವನು.

ಟೀಚರ್ ರೇಗಿಬಿಟ್ಟರು. “ಒಂದ ಮನ್ಯಾಗ ಸಂಸಾರ ಮಾಡಾಕತ್ತು ಹನ್ನೆರಡು ವರ್ಷ ಆತ್ರೀ! ಅದಕ್ಕ ನಿಮ್ಮ ಫಾರ್ಮಿನ್ಯಾಗ ಏನಂತ ಬರೀತೀರಿ, ಬರಕೋರಿ!”

ಅದಕ್ಕೆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ಒಳಗೆ ಅಕ್ಕ ನರಳುತ್ತಿದ್ದರು. ಅಮ್ಮ ನುಗ್ಗಿದಳು. “ನಾನೇ ಅವಳ ಹೆತ್ತ ತಾಯಿ, ಕೊಡಪ್ಪ ಇಲ್ಲಿ!” ಎಂದು ಹೆಬ್ಬೆಟ್ಟು ಒತ್ತಿಯೇಬಿಟ್ಟಳು. ಅಮ್ಮ ಅಕ್ಕನಿಗಿಂತ ಬರೀ ಆರು ವರ್ಷ ದೊಡ್ಡವಳು. ಕೌಂಟರಿನವನು ಅವಳನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ, ತಲೆ ಕೆರೆದುಕೊಂಡು ಸೀಲು ಹೊಡೆದ. ಅಕ್ಕ ಬದುಕಿದರು. ಟೀಚರ್ ಮನೆಗೆ ಬಂದವರೇ ಕ್ಯಾಲೆಂಡರಿಗೆ ಇನ್ನೊಂದು ಸಾಲು ಸೇರಿಸಿದರು: ‘ಆಸ್ಪತ್ರೆ — ಓನರ್ ಆಂಟಿ, ತಾಯಿ.’

ನಾಲ್ಕೈದು ವರ್ಷದ ಮೇಲೆ ಟೀಚರೇ ಪಾಠ ಮಾಡುತ್ತಾ ಕುಸಿದು ಹೋಗಿಬಿಟ್ಟರು... ಅಷ್ಟು ವರ್ಷ ತಲೆ ಹಾಕದಿದ್ದ ಅವರ ಅಣ್ಣ ಬಂದು, ಊರಲ್ಲೇ ಮಣ್ಣು ಮಾಡುತ್ತೇವೆಂದು ಗಾಡಿ ತರಿಸಿದ. ಅದರಲ್ಲಿ ಸಂಬಂಧಿಕರಿಗೆ ಮಾತ್ರ ಜಾಗವಂತೆ. ಅಕ್ಕ ಮಹಡಿಗೆ ಹೋಗಿ ಕ್ಯಾಲೆಂಡರ್ ಕಿತ್ತು ತಂದು ಅಮ್ಮನ ಮುಂದೆ ಹಿಡಿದರು.

“ಇದರಾಗ ಯಾವ್ದು ಹೇಳಲ್ರೀ ಅಮ್ಮಾರ?”

ಗಾಡಿ ಹೊರಟೇಹೋಯಿತು. ಸರ್ಕಾರದ ಸೀಲಿರುವ ಒಂದು ಮದುವೆ ಕಾಗದ ಇದ್ದಿದ್ದರೆ ಆ ಅಣ್ಣನೇ ಅಕ್ಕನನ್ನು ಕೇಳಿ ಹತ್ತಬೇಕಿತ್ತು.

ಅಕ್ಕ ಈಗ ಗೊಟ್ಟಿಗೆರೆಯಲ್ಲಿದ್ದಾರೆ. ಟೀಚರ್ ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ, ಅಕ್ಕನಿಗೆ ಅದಿಲ್ಲದೆ ಆಗದು. ಹಾಗಾಗಿ ಅವರ ಮನೆಯಲ್ಲಿ ಚಟ್ನಿಪುಡಿ ಯಾವತ್ತೂ ಎರಡು ಡಬ್ಬಿ, ಈಗಲೂ. ಮೊನ್ನೆ ಒಂದನ್ನು ನನ್ನ ಕೈಗಿಟ್ಟರು.

“ಬೆಳ್ಳುಳ್ಳಿ ಹಾಕಿಲ್ಲ. ತಿನ್ನವ್ರಿಲ್ಲ, ನೀನರ ತಿನ್ನು ತಮ್ಮಾ.”