ತಿಗರಿ ಇಲ್ಲದ ಗಡಿಗೆ

ಆಳಂದದ ನಮ್ಮ ಮನೆಯಂಗಳದಲ್ಲಿ ಅಪ್ಪ ತಿಗರಿ ತಿರುಗಿಸುವಾಗ ನಾನು ಗೋಡೆಗೊರಗಿ ನೋಡುತ್ತಿದ್ದೆ. ಮಣ್ಣು ಸೋಸುವುದು, ಲದ್ದಿ ಬೆರೆಸುವುದು, ತುಳಿದು ಹದ ಮಾಡುವುದು ನನ್ನ ಮತ್ತು ಅವ್ವನ ಪಾಲು. ಆ ಮಣ್ಣನ್ನು ತಿರುಗುವ ಚಕ್ರದ ಮೇಲಿಟ್ಟು ಗಡಿಗೆ ಎಬ್ಬಿಸುವುದು ಅಪ್ಪನ ಪಾಲು. ಒಂದು ದಿನ ಅಪ್ಪ ನನ್ನ ತಮ್ಮನನ್ನು ತಿಗರಿಯ ಮುಂದೆ ಕೂರಿಸಿದ. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ನಾನೂ ಕೂರುತ್ತೇನೆಂದೆ.

"ಹೆಣ್ಮಕ್ಳು ತಿಗರಿ ಮುಟ್ಟಬಾರ್ದವಾ," ಅಂದ ಅಪ್ಪ.

ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಅವನ ಅಪ್ಪನೂ ಹಾಗೇ ಹೇಳಿದ್ದನಂತೆ. ತಮ್ಮ ಮಾಡಿದ ಮೊದಲ ಪರಟಿ, ಅಂಗೈಯಗಲದ ಮಣ್ಣಿನ ಬಟ್ಟಲು, ಸೊಟ್ಟಗಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅವನ ಕೈ ಬಲುಬೇಗ ಪಳಗಿತು.

ನಾನು ಓದಿದೆ, ಅಫಜಲಪುರದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು, ಜೇವರ್ಗಿ ಊರಿನವರೊಬ್ಬರನ್ನು ಮದುವೆಯಾದೆ. ತಮ್ಮ ತಿಗರಿಯ ಮುಂದೆಯೇ ಉಳಿದ. ಫ್ರಿಜ್ಜಿನ ನೀರಿಗೆ ಬೇಸತ್ತವರು ಮತ್ತೆ ಮಣ್ಣಿನ ಪಾತ್ರೆ ಹುಡುಕತೊಡಗಿದ ಮೇಲೆ ಅವನ ಹೆಸರು ಕಲಬುರಗಿ ದಾಟಿತು. ದಿಲ್ಲಿಯ ಮೇಳದಲ್ಲಿ ಶಾಲು ಹೊದ್ದು ನಿಂತ ಅವನ ಫೋಟೊ ನನ್ನ ಫೋನಿಗೆ ಬಂತು. ಅಭಿನಂದನೆ ಬರೆದು ಕಳಿಸಿದೆ. ಆಮೇಲೆ ಊಟ ಸೇರಲಿಲ್ಲ.

ಆ ದಿನಗಳಲ್ಲೇ ಮಕ್ಕಳಿಗೆ ಪಾಠ ಮಾಡಲೆಂದು ಕುಂಬಾರಿಕೆಯ ಚರಿತ್ರೆ ಓದತೊಡಗಿದೆ. ಓದಿದಷ್ಟೂ ಸಮಾಧಾನವಾಗುತ್ತ ಹೋಯಿತು, ಏಕೆಂದರೆ ಅಲ್ಲೆಲ್ಲ ನನ್ನಂಥವರೇ ಇದ್ದರು. ಚೀನಾದ ಬೆಳ್ಳನೆಯ ಪಿಂಗಾಣಿ ಬಟ್ಟಲು ಕಂಡು ಇರಾಕಿನ ಕುಂಬಾರರಿಗೆ ಹೊಟ್ಟೆ ಉರಿದಿತ್ತು. ಆ ಮಣ್ಣು ತಮ್ಮಲ್ಲಿಲ್ಲದ್ದಕ್ಕೆ ತವರ ಬೆರೆಸಿದ ಬಿಳಿ ಮೆರುಗನ್ನೇ ತಮ್ಮ ಕಂದು ಮಣ್ಣಿಗೆ ಹೊದಿಸಿದರು. ಜರ್ಮನಿಯ ರಾಜನೊಬ್ಬ ಅದೇ ಪಿಂಗಾಣಿಯ ಗುಟ್ಟು ಹುಡುಕಲು ಒಬ್ಬನನ್ನು ಕೂಡಿಹಾಕಿದ್ದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆಫ್ರಿಕಾದ ಕುಂಬಾರ ಹೆಂಗಸರು. ಅವರಿಗೆ ತಿಗರಿಯೇ ಇಲ್ಲ. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತುತ್ತಾರೆ, ಗಡಿಗೆ ನಿಂತಲ್ಲೇ ನಿಂತಿರುತ್ತದೆ, ಅವರೇ ಅದರ ಸುತ್ತ ತಿರುಗುತ್ತಾರೆ.

ಬೇಸಿಗೆ ರಜೆಗೆ ಆಳಂದಕ್ಕೆ ಹೋದೆ. ತಮ್ಮ ಹದ ಮಾಡಿಸಿಟ್ಟಿದ್ದ ಮಣ್ಣನ್ನು ಕೇಳದೇ ತೆಗೆದುಕೊಂಡು, ಅವನ ಕಣ್ಣೆದುರೇ ಸುರುಳಿ ಸುತ್ತಿದೆ. ಎರಡು ಸಲ ಕುಸಿಯಿತು. ಮೂರನೆಯ ಗಡಿಗೆ ನಿಂತಿತು, ಒಂದು ಕಡೆ ಸ್ವಲ್ಪ ವಾಲಿಕೊಂಡು. ಅವನ ಮುಖದಲ್ಲಿ ಒಂದಿಷ್ಟು ಕಿಚ್ಚು ಕಾಣಲೆಂದು ಕಾದೆ.

"ಅಕ್ಕಾ, ಹ್ಯಾಂಗ್ ಮಾಡ್ದಿ ಇದು? ನನಗ ತಿಗರಿ ಇಲ್ದೇ ಒಂದು ಪರಟಿ ಸುದ್ದಾ ಆಗಾಂಗಿಲ್ಲ," ಅಂದ. ಅವನ ಕಣ್ಣಲ್ಲಿ ನೀರಿತ್ತು. ಗಡಿಗೆ ಒಣಗಿದ ಮೇಲೆ ಆವಿಗೆಯಲ್ಲಿ ತನ್ನ ಮಡಕೆಗಳನ್ನು ಸರಿಸಿ, ಬೆಂಕಿ ಸಮನಾಗಿ ತಾಗುವ ಜಾಗವನ್ನು ನನ್ನ ಗಡಿಗೆಗೆ ಬಿಟ್ಟುಕೊಟ್ಟ. ಅವನು ಬೈದಿದ್ದರೂ ನನಗಷ್ಟು ಸಿಟ್ಟು ಬರುತ್ತಿರಲಿಲ್ಲ. ಎಲ್ಲವೂ ಸಿಕ್ಕವನಿಗೆ ದೊಡ್ಡ ಮನಸ್ಸು ಮಾಡುವುದು ಎಷ್ಟು ಸಲೀಸು!

ಗಡಿಗೆ ಒಡೆಯದೆ ಸುಟ್ಟು ಬಂತು. ನಾನು ಬಸ್ಸಿಗೆ ಹೊರಡುವ ಮುಂಜಾನೆ ತಮ್ಮನ ಹೆಂಡತಿ ಕೈಗೆ ಮೆತ್ತಿದ ಮಣ್ಣು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಮದುವೆಯಾದಂದಿನಿಂದ ಆ ಮನೆಯ ಮಣ್ಣು ತುಳಿದವಳು ಅವಳೇ.

"ಅಕ್ಕಾರ, ನನಗೂ ಹೇಳಿಕೊಡ್ರಿ," ಅಂದಳು.

ಬಸ್ಸು ತಪ್ಪಿಸಿಕೊಂಡು ಹೇಳಿಕೊಟ್ಟೆ.

ಮುಂದಿನ ದೀಪಾವಳಿಗೆ ಹೋದಾಗ ಅಂಗಳದಲ್ಲಿ ಅವಳ ಗಡಿಗೆಗಳು ಸಾಲಾಗಿ ಒಣಗುತ್ತಿದ್ದವು. ತೆಳ್ಳಗೆ, ಎಲ್ಲೂ ವಾಲದೆ, ಕಂಠದ ಸುತ್ತ ಜೋಳದ ತೆನೆಯ ಗೀರು. ಅಂಥ ಕಂಠ ನನ್ನ ಕೈಗೆ ಇವತ್ತಿಗೂ ಬಂದಿಲ್ಲ. ಚಲೋ ಆಗ್ಯಾವ ಅಂದೆ. ಅವಳು ನಾಚಿ ನಕ್ಕಳು. ಒಳಗೆ ಹೋಗಿ ತಮ್ಮನ ಪಕ್ಕ ಚಹಾ ಕುಡಿಯುತ್ತ ಕುಳಿತೆ. ಅವತ್ತು ಅವನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ನನ್ನ ಕಣ್ಣೆಲ್ಲ ಬಾಗಿಲಾಚೆ, ಬಗ್ಗಿ ಗಡಿಗೆಯ ಸುತ್ತ ತಿರುಗುತ್ತಿದ್ದ ಅವಳ ಮೇಲಿತ್ತು.